ಡಾಕ್ಟರ ಹಳೆಯ ಕಾರಿಗೆ ಇಬ್ಬರು ಫಿಟ್ಟರುಗಳು

ನಾನು ಸ್ಪ್ಯಾನರ್ ಕೆಳಗಿಟ್ಟು ಬಹಳ ವರ್ಷಗಳಾದವು. ಕಣ್ಣು ಮಂಜಾಗಿದೆ, ಬೆರಳಿನ ಗೆಣ್ಣುಗಳು ಚಳಿಗೆ ಬಗ್ಗುವುದಿಲ್ಲ. ಆದರೂ ಆಲ್ದೂರಿನ ರಸ್ತೆಯಲ್ಲಿ ಹೋಗುತ್ತಿದ್ದರೆ ಯಾರಾದರೊಬ್ಬರು ಅಡ್ಡ ನಿಲ್ಲಿಸಿ ಅದೇ ಪ್ರಶ್ನೆ ಕೇಳುತ್ತಾರೆ: "ರಹೀಮಣ್ಣ, ಗಾಡಿ ಹಳೇದಾಯ್ತು. ಕಂಪನಿ ಶೆಡ್ಡಿಗೆ ಕೊಡೋದಾ, ಇಲ್ಲೇ ಯಾರ ಹತ್ರನಾದ್ರೂ ರಿಪೇರಿ ಮಾಡ್ಸೋದಾ?" ಮೊದಲೆಲ್ಲ ನಾನು ಕಂಪನಿಯವರಿಗೆ ನಾಲ್ಕು ಮಾತು ಬೈದು, ಇಲ್ಲೇ ಮಾಡಿಸಿ ಎಂದುಬಿಡುತ್ತಿದ್ದೆ. ಈಗ ಹಾಗಲ್ಲ, ಕೇಳಿದವರನ್ನು ಕೂರಿಸಿಕೊಂಡು ಒಂದು ಕಾರಿನ ಕಥೆ ಹೇಳುತ್ತೇನೆ. ಅವರಿಗೆ ಪುರುಸೊತ್ತು ಇಲ್ಲದಿರಬಹುದು, ನನಗಂತೂ ಬೇಕಾದಷ್ಟಿದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತೆಂದು ಅದನ್ನೇ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಯಾವ ಮರ್ಯಾದೆ ಸಿಕ್ಕಿತು, ಯಾವ ದೊರೆ ಯಾವ ಸರ್ಟಿಫಿಕೇಟು ಬರೆದುಕೊಟ್ಟ ಎಂಬುದೆಲ್ಲ ಇದರಲ್ಲಿಲ್ಲ. ಆ ಕಾಗದಗಳನ್ನು ಗೆದ್ದಲು ತಿಂದಿದೆ, ನನಗೇನೂ ಬೇಸರವಾಗಿಲ್ಲ.

ನಾನು ಕೆಲಸ ಕಲಿತದ್ದು ಚಿಕ್ಕಮಗಳೂರು ಪೇಟೆಯ ಒಂದು ಕಾರು ಕಂಪನಿಯ ವರ್ಕ್‌ಶಾಪಿನಲ್ಲಿ. ಆಗಿನ್ನೂ ಬ್ರಿಟಿಷರ ಆಳ್ವಿಕೆ. ಕಾರಿದ್ದವರೆಂದರೆ ಎಸ್ಟೇಟಿನ ದೊರೆಗಳು, ಕೆಲವು ಸಾಹುಕಾರ ಪ್ಲಾಂಟರುಗಳು, ಒಬ್ಬಿಬ್ಬರು ಡಾಕ್ಟರುಗಳು, ಅಷ್ಟೇ. ವರ್ಕ್‌ಶಾಪಿನ ನೆಲಕ್ಕೆ ಸಿಮೆಂಟು ಹಾಕಿತ್ತು. ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದಲ್ಲಿ ಬಣ್ಣ ಬಳಿದಿದ್ದರು. ಸಂಜೆ ಯಾವುದಾದರೂ ಸ್ಪ್ಯಾನರ್ ಜಾಗಕ್ಕೆ ಬಂದಿಲ್ಲವೆಂದರೆ ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಅಲ್ಲಿನ ಫೋರ್‌ಮನ್ ಪಿಂಟೊ ಅವರು ಮಂಗಳೂರು ಕಡೆಯವರು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಬಂದರೆ ಸಂಜೆಗೂ ಅದು ಬಿಳಿಯಾಗಿಯೇ ಇರುತ್ತಿತ್ತು. ಅವರೇನು ಕೆಲಸ ಮಾಡುತ್ತಿರಲಿಲ್ಲ ಎಂದಲ್ಲ, ನಮಗಿಂತ ಹೆಚ್ಚೇ ಮಾಡುತ್ತಿದ್ದರು. ಮಸಿ ಅವರಿಗೆ ಹೆದರುತ್ತಿತ್ತೋ ಏನೋ. ಅವರ ಮೊದಲ ನಿಯಮ: ಕಂಪನಿಯ ಮೊಹರು ಒಡೆಯದ ಡಬ್ಬಿಯಿಂದ ಬಂದ ಸಾಮಾನನ್ನು ಬಿಟ್ಟರೆ ಬೇರೇನೂ ಕಾರಿನೊಳಕ್ಕೆ ಹೋಗಕೂಡದು. ಡಬ್ಬಿ ಮದ್ರಾಸಿನಿಂದ ಬರಲು ತಿಂಗಳಾದರೆ ಕಾರು ತಿಂಗಳು ಕಾಯಬೇಕು. ಎರಡನೆಯ ನಿಯಮ, ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಕೆಲಸ ಮುಗಿದ ಮೇಲೆ ಅವರೇ ಬಗ್ಗಿ, ಮಲಗಿ, ಕೈಯಾಡಿಸಿ ನೋಡುತ್ತಿದ್ದರು. ಏನಾದರೂ ತಿದ್ದಬೇಕಾಗಿ ಬಂದರೆ ತಿದ್ದಿ, ಕಾರ್ಡಿನ ಮೂಲೆಯಲ್ಲಿ ತಮ್ಮ ಹೆಸರಿನ ಅಕ್ಷರ ಹಾಕುತ್ತಿದ್ದರು. ಏನನ್ನೂ ಮುಟ್ಟಬೇಕಾಗಿ ಬರದಿದ್ದರೆ ಮಾತ್ರ ನೀಲಿ ಪೆನ್ಸಿಲಿನಲ್ಲಿ ಒಂದು ಸರಿ ಗುರುತು. ನಾನಲ್ಲಿ ನಾಲ್ಕು ವರ್ಷ ಇದ್ದೆ. ಒಮ್ಮೆಯೂ ನನ್ನ ಕಾರ್ಡಿಗೆ ಆ ಗುರುತು ಬೀಳಲಿಲ್ಲ. ನಟ್ಟು ಸಡಿಲವಾಗದಂತೆ ತೂರಿಸುವ ಕಾಟರ್ ಪಿನ್ನಿನ ಕಾಲು ಬಗ್ಗಿದ ದಿಕ್ಕು ತಪ್ಪು ಎನ್ನುವರು, ಎಲ್ಲ ಸರಿಯಿದ್ದರೆ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಗ್ರೀಸು ತೋರಿಸುವರು. ನನಗೆ ಮೈ ಉರಿಯುತ್ತಿತ್ತು.

ನನಗೂ ಒಂದು ಚಾಳಿ ಇತ್ತು. ನಮ್ಮ ತಂದೆ ಎತ್ತಿನಗಾಡಿಗಳಿಗೆ ಅಚ್ಚು ಕೂರಿಸುವ ಕೆಲಸ ಮಾಡುತ್ತಿದ್ದರು. ಹೊಸ ಅಚ್ಚಿನ ಕೆಳಮೈಗೆ, ಯಾರಿಗೂ ಕಾಣದ ಕಡೆ, ಉಳಿಯಿಂದ ಒಂದು ಗುರುತು ಕೊರೆಯುತ್ತಿದ್ದರು. ಮುಂದೆ ಬಿಚ್ಚುವವನಿಗೆ ಇದು ಯಾರ ಕೈಯದು, ಯಾವ ಮರದ್ದು ಎಂದು ತಿಳಿಯಲಿ ಎಂದು. ಅದನ್ನು ನೋಡಿ ಬೆಳೆದ ನಾನು ಎಂಜಿನ್ ಬಿಚ್ಚಿದಾಗಲೆಲ್ಲ ವಾಲ್ವ್ ಮುಚ್ಚಳದ ಒಳಮೈ ಮೇಲೆ ಮೊಳೆಯಿಂದ ಎರಡು ಸಾಲು ಗೀಚುತ್ತಿದ್ದೆ: ಇಂಥದ್ದು ಬದಲಾಯಿಸಿದೆ, ಇಂಥದ್ದನ್ನು ಮುಟ್ಟಿಲ್ಲ. ಒಂದು ದಿನ ಪಿಂಟೊ ಅವರ ಕಣ್ಣಿಗೆ ಬಿತ್ತು. ಎಲ್ಲರೆದುರಿಗೆ ಆ ಮುಚ್ಚಳ ಎತ್ತಿ ಹಿಡಿದರು.

"ಇದು ನಿನ್ನ ಸ್ಲೇಟಲ್ಲ ಮಾರಾಯ. ಬರೀಲಿಕ್ಕೆ ಕಾರ್ಡ್ ಉಂಟು" ಎಂದರು.

ಮರಳು ಕಾಗದ ಕೊಟ್ಟು ಉಜ್ಜಿಸಿದರು. ನಾನು ಮಧ್ಯಾಹ್ನದ ಊಟ ಬಿಟ್ಟು ಉಜ್ಜಿದೆ.

ಕೊನೆಗೆ ನಾನು ಬಿಟ್ಟು ಬಂದದ್ದು ಒಂದು ಬೆಲ್ಟಿನಿಂದ. ಮೂಡಿಗೆರೆಯ ಪ್ಲಾಂಟರೊಬ್ಬರ ಕಾರಿನ ಫ್ಯಾನ್ ಬೆಲ್ಟು ತುಂಡಾಗಿತ್ತು, ಡಬ್ಬಿ ಬಂದಿರಲಿಲ್ಲ. ನಾನು ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಗಟ್ಟಿ ಚರ್ಮದಲ್ಲಿ ಒಂದು ಬೆಲ್ಟು ಹೊಲಿಸಿ ತಂದು ಹಾಕಿದೆ. ಎಂಜಿನ್ ಚೆನ್ನಾಗಿಯೇ ತಿರುಗಿತು. ಪಿಂಟೊ ಅವರು ಬಂದು, ನೋಡಿ, ಆ ಮಾಲೀಕರ ಎದುರಿಗೇ ಬಿಚ್ಚಿ ತೆಗೆದು ನನ್ನ ಕೈಗಿಟ್ಟರು. ಪ್ಲಾಂಟರು ಬಸ್ಸಿನಲ್ಲಿ ಮನೆಗೆ ಹೋದರು. ನಾನು ಮರುದಿನವೇ ನಿಮ್ಮ ಕೆಲಸ ನಿಮಗಿರಲಿ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಹೋಗು. ಒಂದು ನೆನಪಿಟ್ಕೋ. ಗಾಡಿ ಶೆಡ್ಡಿಂದ ಹೊರಟದ್ದು ನೋಡಿ ಖುಷಿ ಪಡ್ಬೇಡ. ಊರು ಮುಟ್ಟಿತಾ ಅಂತ ಕೇಳು" ಎಂದಷ್ಟೇ ಹೇಳಿದರು. ಆ ಮಾತನ್ನು ನಾನು ಪೇಟೆಯ ಬಸ್‌ ಸ್ಟ್ಯಾಂಡ್ ತಲುಪುವುದರೊಳಗೆ ಮರೆತೆ.

ಆಲ್ದೂರಿನಲ್ಲಿ ರಸ್ತೆಯ ಪಕ್ಕ ನಾಲ್ಕು ಕಂಬ, ಮೇಲೆ ತಗಡು, ಒಂದು ತಿದಿ ಒಲೆ ಇಟ್ಟುಕೊಂಡು ನನ್ನದೇ ಶೆಡ್ಡು ಶುರು ಮಾಡಿದೆ. ಪೇಟೆಗೆ ಹೋಗಲು ಬೇಸರದವರು, ಕಾಯಲಾರದವರು, ಕಂಪನಿಯವರ ಹತ್ತಿರ ಬೈಸಿಕೊಂಡವರು, ಎಲ್ಲ ನನ್ನ ಹತ್ತಿರ ಬಂದರು. ಹಳೆಯ ಕಾರು ತರುವವರೇ ಹೆಚ್ಚು. ಅವುಗಳ ಜೊತೆಗೆ ಮಾಲೀಕರ ಸ್ವಂತ ವೈದ್ಯವೂ ಬರುತ್ತಿತ್ತು. ವಸ್ತಾರೆಯ ಒಬ್ಬ ಜವಳಿ ಅಂಗಡಿಯವರು ರೇಡಿಯೇಟರ್ ಸೋರುತ್ತದೆಂದು ಯಾರದೋ ಮಾತು ಕೇಳಿ ಸೇರುಗಟ್ಟಲೆ ಹುರುಳಿ ಹಿಟ್ಟು ಸುರಿದಿದ್ದರು. ಸೋರುವುದು ನಿಂತಿತು ನಿಜ, ಜೊತೆಗೆ ನೀರು ಓಡಾಡುವುದೂ ನಿಂತಿತು. ಅವರು ಬಂದು ನಿಂತಾಗ ರಸ್ತೆಯ ತುಂಬ ಹುರುಳಿ ಸಾರಿನ ಪರಿಮಳ. ಒಗ್ಗರಣೆಯೊಂದು ಬಾಕಿ ಎಂದು ನಾನು ಅಂದೆ. ಅವರೂ ನಕ್ಕರು. ಆ ಹಿಟ್ಟನ್ನು ತಂತಿ ಹಾಕಿ ಕೆರೆದು ತೆಗೆಯಲು ನನಗೆ ಮೂರು ದಿನ ಹಿಡಿಯಿತು.

ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ನು. ಬಸ್ಸುಗಳ ಹಿಂದೆ, ಪೆಟ್ರೋಲಿನ ಬದಲು ಗ್ಯಾಸಿನಲ್ಲಿ ಓಡಲೆಂದು, ಇದ್ದಲು ಉರಿಸುವ ದೊಡ್ಡ ಡ್ರಮ್ಮು ಬಂತು. ಏರು ಬಂದರೆ ಜನ ಇಳಿದು ತಳ್ಳಿ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ಮತ್ತೆ ಹತ್ತುತ್ತಿದ್ದರು. ಹಡಗಿನಲ್ಲಿ ಸಾಮಾನು ಬರುವುದು ನಿಂತಿತು. ಪೇಟೆಯ ಕಂಪನಿಯ ಕಪಾಟಿನಲ್ಲಿ ಡಬ್ಬಿಗಳು ಒಂದೊಂದಾಗಿ ಖಾಲಿಯಾದವು ಎಂಬ ಸುದ್ದಿ ಕೇಳಿ ನಾನು ಒಳಗೊಳಗೇ ಹಿಗ್ಗಿದೆ. ಇನ್ನು ಪಿಂಟೊ ಏನು ಮಾಡುತ್ತಾರೆ ನೋಡೋಣ ಎನ್ನುವ ಹಿಗ್ಗು. ಒಳ್ಳೆಯದಲ್ಲ, ಆದರೆ ಇದ್ದದ್ದು ಇದ್ದ ಹಾಗೆ ಬರೆಯಬೇಕಲ್ಲ.

ಆ ದಿನಗಳಲ್ಲೇ ಶಿವಲಿಂಗಯ್ಯ ಡಾಕ್ಟರು ತಮ್ಮ ಕಾರನ್ನು ನನ್ನ ಶೆಡ್ಡಿಗೆ ತಂದದ್ದು. ಅವರ ಮನೆ, ದವಾಖಾನೆ ಎರಡೂ ಆಲ್ದೂರಿನಲ್ಲೇ. ಕಾರಿಗೆ ಹನ್ನೆರಡು ವರ್ಷ ವಯಸ್ಸು, ಓಡಿಸುವವರು ಅವರೇ. ಪ್ರತಿ ಗುರುವಾರ ಕ್ವಿನೈನಿನ ಪೆಟ್ಟಿಗೆ ಇಟ್ಟುಕೊಂಡು ಬಾಳೆಹೊನ್ನೂರು ದಾಟಿ ಕಳಸದ ಕಡೆಯ ಎಸ್ಟೇಟುಗಳಿಗೆ ಹೋಗುತ್ತಿದ್ದರು. ಆಗ ಎಸ್ಟೇಟಿನ ಕೂಲಿಯವರ ಸಾಲಿನಲ್ಲಿ ಮಲೇರಿಯಾ ಇಲ್ಲದ ಲೈನ್ ಮನೆ ಇರಲಿಲ್ಲ. ಕೂಲಿಯವರು ಮಕ್ಕಳಿಗೆ ಕಂಬಳಿ ಹೊದಿಸಿ ರಸ್ತೆಬದಿಯಲ್ಲಿ ಕೂರಿಸಿಕೊಂಡು ಡಾಕ್ಟರ ಕಾರಿಗೆ ಕಾಯುತ್ತಿದ್ದರು. ಕಾರು ಬಾರದ ಗುರುವಾರ ಅವರಿಗೆ ಇನ್ನೊಬ್ಬ ಡಾಕ್ಟರಿರಲಿಲ್ಲ.

ಕಾರಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎಂಜಿನ್ನಿನ ಮೈಗೂ ಅದರ ತಲೆಗೂ ನಡುವೆ ಹಾಕುವ ತೆಳು ಹಾಳೆ ಅದು. ಒಂದು ಕಡೆ ಬೆಂಕಿ, ಪಕ್ಕದಲ್ಲೇ ನೀರು. ಎರಡೂ ಸೇರದ ಹಾಗೆ ತಡೆಯುವುದು ಅದೊಂದೇ. ಡಾಕ್ಟರು ಮೊದಲು ಪೇಟೆಗೆ ಹೇಳಿಕಳಿಸಿದ್ದರಂತೆ. ಡಬ್ಬಿ ಇಲ್ಲ, ಯಾವಾಗ ಬರುತ್ತದೋ ತಿಳಿಯದು ಎಂದು ಕಂಪನಿಯ ಗುಮಾಸ್ತ ಉತ್ತರ ಕಳಿಸಿದ್ದ. "ಗುರುವಾರದೊಳಗೆ ಆಗುತ್ತಾ ರಹೀಮು?" ಎಂದು ಕೇಳಿದರು. ಬುಧವಾರಕ್ಕೇ ಕೊಡುತ್ತೇನೆ ಎಂದೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ನಮ್ಮ ಕಡೆಯವರೆಲ್ಲ ನೋಡಿರುತ್ತಾರೆ. ಅದರ ಉರುಳೆಗೆ ತಾಮ್ರದ ತಗಡು ಸುತ್ತಿರುತ್ತದೆ, ಮೈತುಂಬ ಸಣ್ಣ ಸಣ್ಣ ಉಬ್ಬು. ಸವೆದ ತಗಡು ಎಲ್ಲ ಎಸ್ಟೇಟಿನಲ್ಲೂ ಮೂಲೆಯಲ್ಲಿ ಬಿದ್ದಿರುತ್ತದೆ. ಅಂಥದ್ದೊಂದನ್ನು ತಂದು, ಉಬ್ಬುಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ ಸಪಾಟು ಮಾಡಿ, ಹಳೆಯ ಗ್ಯಾಸ್ಕೆಟ್ಟಿನ ಅಳತೆಗೆ ಕತ್ತರಿಸಿದೆ. ನೋಡಲು ಕನ್ನಡಿಯ ಹಾಗಿತ್ತು. ಕೂರಿಸಿ, ನಟ್ಟುಗಳನ್ನು ಬಿಗಿದು, ವಸ್ತಾರೆಯವರೆಗೆ ಎರಡು ಸಲ ಓಡಿಸಿ ಬಂದೆ. ಒಂದು ಹನಿ ಸೋರಲಿಲ್ಲ. ಕಂಪನಿಗೆ ಆಗದ್ದನ್ನು ಪಲ್ಪರ್ ತಗಡಿನಲ್ಲಿ ಮಾಡಿದೆ ಎಂದು ಹೋಟೆಲಿನಲ್ಲಿ ಕೂತವರಿಗೆಲ್ಲ ಹೇಳಿದೆ. ವಸ್ತಾರೆಯ ರಸ್ತೆಯಲ್ಲಿ ಹೇಳಿಕೊಳ್ಳುವಂಥ ಏರು ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಗುರುವಾರ ಡಾಕ್ಟರು ಹೋದರು. ಸಂಜೆ ಬರಲಿಲ್ಲ. ಮರುದಿನ ಮಧ್ಯಾಹ್ನ ಬಸ್ಸಿಳಿದು ನೇರ ನನ್ನ ಶೆಡ್ಡಿಗೆ ನಡೆದು ಬಂದರು. ಪಂಚೆಗೆ ಮೊಣಕಾಲಿನವರೆಗೆ ಕೆಂಪು ಮಣ್ಣು. ಕಳಸದ ಏರಿನಲ್ಲಿ ಗ್ಯಾಸ್ಕೆಟ್ಟು ಒಡೆದು, ನೀರೆಲ್ಲ ಸಿಲಿಂಡರಿಗೆ ಹೋಗಿ, ಕಾರು ಆವಿ ಬಿಟ್ಟು ನಿಂತಿತ್ತು. ಕಾಫಿ ಮೂಟೆ ಇಳಿಸಿ ಬರುತ್ತಿದ್ದ ಎತ್ತಿನಗಾಡಿ ಹತ್ತಿ ಅವರು ಎಸ್ಟೇಟು ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಲ್ಲಿ ಒಂದು ಮಗುವಿಗೆ ಜ್ವರ ಏರಿ ಮೈ ಸೆಟೆದುಕೊಂಡಿತ್ತಂತೆ. ಮಗು ಏನಾಯಿತು ಎಂದು ನಾನು ಕೇಳುವಷ್ಟರಲ್ಲಿ ಡಾಕ್ಟರೇ ಹೇಳಿದರು.

"ಮಗು ಉಳೀತು. ನನ್ನಿಂದಲೂ ಅಲ್ಲ, ನಿನ್ನಿಂದಲೂ ಅಲ್ಲ. ಆ ಎತ್ತುಗಳು ಚೆನ್ನಾಗಿ ನಡೆದ್ವು."

ಬೈದಿದ್ದರೆ ಎಷ್ಟೋ ಸುಲಭವಿತ್ತು. ಅವರು ಬೆಂಚಿನ ಮೇಲೆ ಕೂತು, ನೀರು ಕೇಳಿ ಕುಡಿದು, ಮೆಲ್ಲಗೆ ಕೇಳಿದರು: "ನೀನೇ ಹೇಳು ರಹೀಮು. ಗಾಡಿ ಹಳೇದು. ಇಲ್ಲೇ ಬಿಡಲಾ, ಪೇಟೆಗೆ ಕಳಿಸಲಾ?"

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಡಾಕ್ಟರ ಕಾರು ಪೇಟೆಗೆ ಹೋದರೆ ಅದರ ಹಿಂದೆ ಇನ್ನೂ ನಾಲ್ಕು ಕಾರು ಹೋಗುತ್ತವೆ. ಪಿಂಟೊ ಅವರು ನನ್ನ ತಗಡನ್ನು ಎಲ್ಲರೆದುರಿಗೆ ಎತ್ತಿ ಹಿಡಿಯುತ್ತಾರೆ. ಇನ್ನೊಂದು ತಗಡು ಕತ್ತರಿಸಿ ಹಾಕುತ್ತೇನೆ ಎನ್ನಲು ನಾಲಗೆ ತುದಿಗೆ ಬಂದಿತ್ತು. ಆದರೆ ಮೊದಲನೆಯದು ಯಾಕೆ ಒಡೆಯಿತು ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಎರಡನೆಯದನ್ನು ಹೇಗೆ ಹಾಕುವುದು? ಮುಂದಿನ ಗುರುವಾರ ಅಲ್ಲಿ ಇನ್ನೊಂದು ಮಗು ಕಾಯುತ್ತಿರುತ್ತದೆ.

"ಪೇಟೆಗೆ ಕಳಿಸಿ ಡಾಕ್ಟ್ರೇ" ಎಂದೆ. "ಅಲ್ಲಿ ಪಿಂಟೊ ಅಂತ ಇದ್ದಾರೆ. ಅವರ ಕೈಗೇ ಕೊಡಿ."

ಲಾರಿಗೆ ಕಟ್ಟಿ ಎಳೆದುಕೊಂಡು ಹೋದರು. ಹತ್ತು ಹನ್ನೊಂದು ದಿನಕ್ಕೆ ಕಾರು ವಾಪಸಾಯಿತು, ಮುಂದಿನ ಗುರುವಾರದಿಂದ ತಪ್ಪದೆ ಕಳಸಕ್ಕೆ ಓಡಿತು. ಹೆಡ್ ಗ್ಯಾಸ್ಕೆಟ್ ಹೊಸದು ಹಾಕಿದೆ ಎಂದು ಕಾರ್ಡಿನಲ್ಲಿ ಬರೆದಿತ್ತಂತೆ, ಮತ್ತೇನೂ ಇಲ್ಲ. ಎಲ್ಲೋ ಒಂದು ಡಬ್ಬಿ ಸಿಕ್ಕಿರಬೇಕು, ದೊಡ್ಡ ಕಂಪನಿ, ಅವರಿಗೇನು ಎಂದು ಸಮಾಧಾನ ಮಾಡಿಕೊಂಡೆ. ನಾನು ಹೆದರಿದ ಹಾಗೆ ಮತ್ತೂ ಕೆಲವು ಗಿರಾಕಿಗಳು ಪೇಟೆಯ ದಾರಿ ಹಿಡಿದರು. ನಾನು ಹೋಟೆಲಿಗೆ ಹೋಗುವುದು ಬಿಟ್ಟೆ. ಆ ಮಳೆಗಾಲವೆಲ್ಲ ಬಸ್ಸಿನ ಇದ್ದಲು ಡ್ರಮ್ಮು ಕೆರೆಯುತ್ತ ಕಳೆದೆ.

ಮಳೆ ಬಿಟ್ಟು, ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಡಾಕ್ಟರು ಕಾರು ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದರು. ಎಂಜಿನ್ ಎಳೆಯುತ್ತಿಲ್ಲ, ವಾಲ್ವ್ ಗಟ್ಟಿ ಕೂರುವ ಹಾಗೆ ಅರೆದು ಕೊಡು ಎಂದರು. ಕಂಪನಿ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿಯೇಬಿಟ್ಟೆ.

"ಪೇಟೆಗೆ ಕಳಿಸಿ ಅಂತ ನೀನೇ ಹೇಳಿದ್ಯಲ್ಲ, ಅದಕ್ಕೇ ಬಂದೆ" ಎಂದರು. ಆಮೇಲೆ ತಮ್ಮ ಏರ್ಪಾಡು ವಿವರಿಸಿದರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕಾರು ಪೇಟೆಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು ಬರುವುದು. ನಡುವೆ ಬರುವ ಕೆಲಸವೆಲ್ಲ ನನ್ನದು. ನನಗೆ ತಿಳಿಯದ್ದು ಬಂದರೆ ತಿಳಿಯದು ಎಂದು ಹೇಳಬೇಕು. ಅದೊಂದೇ ಷರತ್ತು.

ಮರುದಿನ ಬೆಳಿಗ್ಗೆ ವಾಲ್ವ್ ಅರೆಯಲೆಂದು ಎಂಜಿನ್ನಿನ ತಲೆ ಬಿಚ್ಚಿದೆ. ಕಂಪನಿಯ ಗ್ಯಾಸ್ಕೆಟ್ ನೋಡುತ್ತೇನೆ ಎಂದುಕೊಂಡು ಎತ್ತಿದರೆ ಕೆಳಗಿದ್ದದ್ದು ತಾಮ್ರ. ಮೊಹರಿನ ಡಬ್ಬಿಯಿಂದ ಬಂದದ್ದಲ್ಲ, ಕೈಯಲ್ಲಿ ಕತ್ತರಿಸಿದ ತಗಡು. ಅಂಚುಗಳನ್ನು ಅರದಿಂದ ಎಷ್ಟು ನಯ ಮಾಡಿದ್ದರೆಂದರೆ ಬೆರಳಿಗೆ ಎಲ್ಲೂ ತಾಗಲಿಲ್ಲ. ಹೊರಗೆ ಒಯ್ದು ಬಿಸಿಲಿಗೆ ಹಿಡಿದೆ. ಹೊರ ಅಂಚಿನಲ್ಲಿ, ಎರಡು ಬೋಲ್ಟಿನ ತೂತುಗಳ ನಡುವೆ, ಚುಕ್ಕಿಚುಕ್ಕಿಯಾಗಿ ಏನೋ ಇತ್ತು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುತ್ತಾರಲ್ಲ, ಆ ಚುಕ್ಕಿ. ಒಂದೂವರೆ ಅಕ್ಷರ ಮಾತ್ರ ಉಳಿದಿತ್ತು. ಮೊದಲನೆಯದು 'ಪಿಂ'. ಇಷ್ಟು ಅಗಲದ ತಾಮ್ರ ಮನೆಯಲ್ಲಿರುವುದು ಬಚ್ಚಲಿನ ಹಂಡೆಯಲ್ಲೇ.

ಪಿಂಟೊ ಅವರು ತಮ್ಮ ಮನೆಯ ತಾಮ್ರದ ಹಂಡೆಯನ್ನು ಕತ್ತರಿಸಿದ್ದರು.

ತಗಡನ್ನು ಒಳಗೆ ತಂದು ಬೆಂಚಿನ ಮೇಲಿಟ್ಟೆ. ಆಮೇಲೆ ವಾಲ್ವ್ ಮುಚ್ಚಳ ಬಿಚ್ಚಿ, ಒಳಮೈಯ ಎಣ್ಣೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆ. ಯಾಕೆ ಒರೆಸಿದೆ ಎಂದರೆ ನನ್ನ ಚಾಳಿ, ಬರೆಯಲು ಜಾಗ ಬೇಕಲ್ಲ. ಆದರೆ ನನಗಿಂತ ಮೊದಲೇ ಯಾರೋ ಬರೆದಿದ್ದರು. ಮೊಳೆಯಿಂದ ಗೀಚಿದ, ಒಂದಕ್ಕೊಂದು ತಾಗದ ನೆಟ್ಟಗಿನ ಅಕ್ಷರಗಳು:

"ಉಬ್ಬಿನ ತಗಡು ಬೇಡ, ಉಬ್ಬಿದ್ದ ಜಾಗ ತೆಳ್ಳಗಾಗಿರುತ್ತದೆ. ಬಡಿದ ತಾಮ್ರ ಗಡುಸಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕು, ಮೆತ್ತಗಾಗುತ್ತದೆ. ಆಮೇಲೆ ಬಿಗಿ. ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ."

ಹೆಸರಿರಲಿಲ್ಲ, ಯಾರಿಗೆ ಎಂದೂ ಇರಲಿಲ್ಲ. ಈ ಸೀಮೆಯಲ್ಲಿ ಆ ಮುಚ್ಚಳದ ಒಳಗೆ ಓದುವವನು ನಾನೊಬ್ಬನೇ ಎಂಬುದು ಅವರಿಗೆ ಗೊತ್ತಿತ್ತು. ನನ್ನನ್ನು ಪೇಟೆಯಲ್ಲಿ ಎತ್ತಿ ಆಡಿಕೊಂಡಿದ್ದಾರೆ ಎಂದು ನಾನು ಇಡೀ ಮಳೆಗಾಲ ಹಲ್ಲು ಕಚ್ಚಿ ಕಳೆದಿದ್ದರೆ, ಆ ಮನುಷ್ಯ ತಮ್ಮ ನಿಯಮವನ್ನು ಮುರಿದು, ಮನೆಯ ಹಂಡೆ ಮುರಿದು, ಯಾರಿಗೂ ಹೇಳದೆ ನನಗೆ ಪಾಠ ಬರೆದು ಕಳಿಸಿದ್ದರು. ಶೆಡ್ಡಿನ ಹಿಂದೆ ಹೋಗಿ ಅತ್ತೆ. ನಾಚಿಕೆಯೇನಿಲ್ಲ.

ವಾಲ್ವ್ ಅರೆದು ಮುಗಿಸಿದ ಮೇಲೆ ಅದೇ ಹಂಡೆಯ ತಗಡನ್ನು ತಿದಿ ಒಲೆಯಲ್ಲಿ ಕೆಂಪಗೆ ಕಾಯಿಸಿ ಬಕೆಟ್ಟಿನ ನೀರಿಗೆ ಹಾಕಿದೆ. ತೆಗೆದು ನೋಡಿದರೆ ಹೊಸ ಚರ್ಮದ ಹಾಗೆ ಬಾಗುತ್ತಿತ್ತು. ಕೂರಿಸಿ ಬಿಗಿದು, ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿದೆ. ಅವರ ಸಾಲುಗಳ ಕೆಳಗೆ ನಾನೂ ಗೀಚಿದೆ: "ಅದನ್ನೇ ಕಾಯಿಸಿ ಮತ್ತೆ ಹಾಕಿದ್ದೇನೆ. ವಾಲ್ವ್ ಅರೆದಿದೆ." ಈ ಸಲ ವಸ್ತಾರೆಗೆ ಓಡಿಸಿ ಸುಮ್ಮನಾಗಲಿಲ್ಲ. ಗುರುವಾರ ಡಾಕ್ಟರ ಪಕ್ಕದಲ್ಲಿ ಕೂತು ಕಳಸದ ಏರು ಹತ್ತಿ, ಎಸ್ಟೇಟು ಮುಟ್ಟಿ, ಮಾತ್ರೆ ಹಂಚುವಾಗ ಪೆಟ್ಟಿಗೆ ಹಿಡಿದು ನಿಂತು ವಾಪಸು ಬಂದೆ. ಎತ್ತುಗಳು ಕಾಪಾಡಿದ ಮಗುವನ್ನೂ ತೋರಿಸಿದರು. ಕ್ವಿನೈನಿನ ಕಹಿಗೆ ಮುಖ ಕಿವುಚಿ ನನ್ನ ಕಡೆಗೇ ಉಗಿಯಿತು.

ಕ್ರಿಸ್ಮಸ್ಸಿಗೆ ನೆಪ ಮಾಡಿಕೊಂಡು ಕಿತ್ತಳೆ ಹಣ್ಣು ಹಿಡಿದು ಪೇಟೆಗೆ, ಪಿಂಟೊ ಅವರ ಮನೆಗೆ ಹೋದೆ. ಮುಚ್ಚಳದ ಬರಹ, ಕಾರು, ಹಂಡೆ ಯಾವುದರ ಮಾತೂ ಬರಲಿಲ್ಲ. ಅವರಾಗಿ ಎತ್ತಲಿಲ್ಲ, ನನಗೆ ಧೈರ್ಯ ಸಾಲಲಿಲ್ಲ. ಹೊರಡುವಾಗ ಮಾತ್ರ, "ಡಾಕ್ಟ್ರ ಗಾಡಿ ಊರು ಮುಟ್ತದಾ?" ಎಂದು ಕೇಳಿದರು. ಪ್ರತಿ ಗುರುವಾರ ಮುಟ್ಟುತ್ತದೆ ಎಂದೆ. ತಲೆಯಾಡಿಸಿದರು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ನೋಡಿದೆ, ಬಚ್ಚಲಿನ ನೀರೊಲೆಯ ಮೇಲೆ ಸೀಮೆಎಣ್ಣೆ ಡಬ್ಬದಲ್ಲಿ ನೀರು ಕಾಯುತ್ತಿತ್ತು. ಒಳ್ಳೇ ಹಂಡೆಯನ್ನು ತೂತಾಯಿತು ಅಂತ ಯಾರಿಗೋ ಕೊಟ್ಟುಬಿಟ್ಟಿದ್ದಾರೆ ನೋಡಿ ಎಂದು ಅವರ ಹೆಂಡತಿ ನನ್ನ ಹತ್ತಿರ ದೂರು ಹೇಳಿದರು. ನಾನು ಮುಖ ತೊಳೆಯುತ್ತಲೇ ಇದ್ದೆ.

ಬೇಸಿಗೆಯಲ್ಲಿ ಕಾರು ಮಾತಿನಂತೆ ಪೇಟೆಗೆ ಹೋಗಿ ಬಂತು. ಮುಂದಿನ ಸಲ ಅದು ನನ್ನ ಶೆಡ್ಡಿಗೆ ಬಂದಾಗ ಡಾಕ್ಟರು ಹೇಳಿದ ಕೆಲಸ ಬರೀ ಚಕ್ರದ ಸ್ಪ್ರಿಂಗಿನದು. ವಾಲ್ವ್ ಮುಚ್ಚಳ ಬಿಚ್ಚುವ ಅಗತ್ಯವೇ ಇರಲಿಲ್ಲ. ಆದರೂ ಬಿಚ್ಚಿದೆ. ಒರೆಸಿದೆ. ನನ್ನ ಸಾಲಿನ ಕೆಳಗೆ ಅಕ್ಷರವೊಂದೂ ಇರಲಿಲ್ಲ. ಒಂದು ಸರಿ ಗುರುತು ಮಾತ್ರ ಇತ್ತು. ಎಣ್ಣೆಯಲ್ಲಿ ನೀಲಿ ಪೆನ್ಸಿಲ್ ನಿಲ್ಲುವುದಿಲ್ಲವೆಂದು ಮೊಳೆಯಿಂದಲೇ ಆಳವಾಗಿ ಕೊರೆದಿದ್ದರು.

ಯುದ್ಧ ಮುಗಿದು ಡಬ್ಬಿಗಳು ಮತ್ತೆ ಬಂದವು. ಆ ಹಂಡೆಯ ತಗಡನ್ನು ಮಾತ್ರ ಪೇಟೆಯಲ್ಲೂ ಯಾರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕಾರು ಕೊನೆಗೆ ಗುಜರಿಗೆ ಹೋಗುವವರೆಗೂ ಅದು ಅಲ್ಲೇ ಇತ್ತು. ಈಗ ಹಳೆಯ ಗಾಡಿಯನ್ನು ಕಂಪನಿಗೆ ಕೊಡಲೇ, ಶೆಡ್ಡಿಗೆ ಕೊಡಲೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನಿಮ್ಮ ಮುಖ ನೋಡಿ ಹೇಳುವವನು ಎಲ್ಲಿದ್ದಾನೋ ಅಲ್ಲಿಗೆ ಕೊಡಿ. ಮತ್ತೆ, ಅವನ ಮನೆಗೆ ಹೋಗುವ ಸಂದರ್ಭ ಬಂದರೆ ಬಚ್ಚಲಿನ ಕಡೆ ಒಂದು ಸಲ ನೋಡಿ ಬನ್ನಿ. ಕೇಳಿದವರು ಇದು ತಮಾಷೆ ಎಂದುಕೊಂಡು ನಗುತ್ತಾರೆ.

ಗುಜರಿಗೆ ಹೋಗುವ ದಿನ ನಾನು ಆ ಮುಚ್ಚಳ ಬಿಚ್ಚಿಟ್ಟುಕೊಂಡೆ. ನನ್ನ ಮಂಚದ ಎದುರಿನ ಗೋಡೆಗೆ ತೂಗುಹಾಕಿದ್ದೇನೆ, ಒಳಮೈ ಹೊರಗೆ ಮಾಡಿ. ಬೆಳಿಗ್ಗೆ ಕಿಟಕಿಯ ಬಿಸಿಲು ಬಿದ್ದಾಗಲೂ ಅಕ್ಷರಗಳು ನನ್ನ ಕಣ್ಣಿಗೆ ಈಗ ಕಾಣುವುದಿಲ್ಲ. ಆ ಸರಿ ಗುರುತು ಕಾಣುತ್ತದೆ.